ಸೋಶಿಯಲ್ ಮೀಡಿಯಾ ಉಪವಾಸ: ಒಬ್ಬರೇ ಬಿಟ್ಟರೆ ಸಾಲದು

ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳು, ಹತ್ತಿರ ಬಂತೆಂದರೆ ಕ್ರೈಸ್ತರು ಒಬ್ಬರನ್ನೊಬ್ಬರು ಕೇಳುವ ಮಾತೊಂದಿದೆ: ಈ ಸಲ ಏನು ಬಿಡುತ್ತೀರಿ? ಹಿಂದೆ ಉತ್ತರಕ್ಕೆ ತಡಕಾಡಬೇಕಿರಲಿಲ್ಲ. ಮಾಂಸ, ಮದ್ಯ, ಸಿಗರೇಟು, ಸಿಹಿ ತಿಂಡಿ. ಈಗ ಆ ಸಾಲಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ ಕೂಡ ಬಂದು ಸೇರಿವೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟರೆ 40 ದಿನ. ಅಷ್ಟು ದಿನ ಫೋನಿನಿಂದ ಆ್ಯಪ್ ತೆಗೆದುಹಾಕುವವರು ಕೆಲವರು. ಅಕೌಂಟನ್ನೇ ಡಿಲೀಟ್ ಮಾಡಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸುವವರು ಇನ್ನು ಕೆಲವರು. 2020ರ ಫೆಬ್ರವರಿ 26ರಂದು, ಅಂದರೆ ಆ ವರ್ಷದ ಬೂದಿ ಬುಧವಾರ, ಪೋಪ್ ಫ್ರಾನ್ಸಿಸ್ ಅವರೇ ಈ ಮಾತನ್ನು ನೇರವಾಗಿ ಆಡಿದರು. ಟಿವಿ ಆಫ್ ಮಾಡಿ ಬೈಬಲ್ ತೆರೆಯುವ ಕಾಲ ಇದು, ಮೊಬೈಲಿನಿಂದ ಬಿಡಿಸಿಕೊಂಡು ಯೇಸುವಿನ ಶುಭಸಂದೇಶಕ್ಕೆ ಹತ್ತಿರವಾಗುವ ಕಾಲ ಇದು ಎಂಬುದು ಅವರ ಮಾತಿನ ಸಾರ.

ಸೋಶಿಯಲ್ ಮೀಡಿಯಾ ಬಿಡಲು ದೇವರ ಮೇಲೆ ನಂಬಿಕೆ ಇರಲೇಬೇಕು ಅಂತೇನಿಲ್ಲ. ನಿದ್ದೆ ಕೆಡುತ್ತದೆ, ಓದು ಹಾಳಾಗುತ್ತದೆ, ತಲೆ ಬಿಸಿಯಾಗುತ್ತದೆ ಅಂತ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಅಕೌಂಟ್ ಇರಬಾರದು ಎಂಬ ಕಾನೂನು ಜಾರಿಗೆ ಬಂದದ್ದೂ ಧರ್ಮದ ಕಾರಣಕ್ಕಲ್ಲ. ಹಾಗಿದ್ದರೆ ಕ್ರೈಸ್ತರು ಇದನ್ನು ವಿಶ್ವಾಸದ ವಿಷಯ ಅಂತ ಯಾಕೆ ನೋಡುತ್ತಾರೆ? ಅವರು ಕೊಡುವ ಕಾರಣಗಳು ಹಲವು. ಎಲ್ಲದಕ್ಕೂ ಒಂದೇ ತೂಕವಿಲ್ಲ.

ಮೊದಲು ಬರುವ ಕಾರಣ ಸಮಯ. ದಿನಗಳು ಕೆಟ್ಟವಾದ್ದರಿಂದ ಸಮಯವನ್ನು ಸರಿಯಾಗಿ ಬಳಸಿಕೊಳ್ಳಿ ಎಂದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ನಿಜವೇ. ಆದರೆ ಸಮಯ ಕಳೆಯಲು ದಾರಿ ನೂರಿವೆ. ಇದೊಂದೇ ಆಗಿದ್ದರೆ ಇಷ್ಟು ಯೋಚಿಸಬೇಕಾಗಿರಲಿಲ್ಲ.

ಎರಡನೆಯದು ನಾಲಿಗೆ. ಇದು ಗಟ್ಟಿ ಕಾರಣ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಎಂಬುದು ಹತ್ತು ಆಜ್ಞೆಗಳಲ್ಲಿ ಒಂದು. ಒಂದು ಕಿಡಿ ಇಡೀ ಕಾಡನ್ನು ಸುಡುವ ಹಾಗೆ ನಾಲಿಗೆಯೂ ಸುಡುತ್ತದೆ ಎಂದು ಬೈಬಲಿನ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆದ. ಟ್ವಿಟರ್‌ನಲ್ಲಿ (ಈಗಿನ ಎಕ್ಸ್) 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾದ ಸುದ್ದಿಗಿಂತ ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಜಾಸ್ತಿ ಇತ್ತು. ಬಾಟ್‌ಗಳ (ತಾವಾಗಿ ಪೋಸ್ಟ್ ಹಾಕುವ ಪ್ರೋಗ್ರಾಂಗಳ) ಲೆಕ್ಕ ತೆಗೆದರೂ ಫಲಿತಾಂಶ ಬದಲಾಗಲಿಲ್ಲ. ಅಂದರೆ ಸುಳ್ಳು ಜಾಸ್ತಿ ಹರಡಿದ್ದಕ್ಕೆ ಕಾರಣ ಮನುಷ್ಯರೇ. ಒಂದು ಸಮುದಾಯದ ಬಗ್ಗೆ, ಒಬ್ಬ ಹೆಣ್ಣುಮಗಳ ಬಗ್ಗೆ, ಇನ್ನೊಂದು ಸಭೆಯ, ಅಂದರೆ ಚರ್ಚ್ ಸಮುದಾಯದ, ಪಾಸ್ಟರ್ ಬಗ್ಗೆ ಬಂದ ಫಾರ್ವರ್ಡನ್ನು ಸುಮ್ನೆ ಮುಂದೆ ತಳ್ಳುವವರು ತಾವು ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದೇವೆ ಎಂದುಕೊಳ್ಳುವುದಿಲ್ಲ. ಆದರೆ ಹೆಸರು ಕೆಟ್ಟವರಿಗೆ ಆಗುವ ನಷ್ಟ ಒಂದೇ ಅಲ್ವಾ? ಸಿರಿಯಾದ ಸಂತ ಎಫ್ರೇಮನ ಹೆಸರಿನಲ್ಲಿ ಉಳಿದು ಬಂದ ಒಂದು ಪ್ರಾರ್ಥನೆಯನ್ನು ಆರ್ಥೊಡಾಕ್ಸ್ ಕ್ರೈಸ್ತರು ತಪಸ್ಸುಕಾಲದಲ್ಲಿ ನೆಲಕ್ಕೆ ಬಾಗಿ ಬಾಗಿ ಹೇಳುತ್ತಾರೆ. ಸೋಮಾರಿತನ, ಅಧಿಕಾರದ ಆಸೆಗಳ ಜೊತೆಗೆ ಹರಟೆಯ ಚಾಳಿಯನ್ನೂ ನನ್ನಿಂದ ತೆಗೆದುಹಾಕು ಎಂದು ಅದರಲ್ಲಿ ಬೇಡಿಕೊಳ್ಳುತ್ತಾರೆ.

ಆದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಗಮನ. ಪ್ರಾರ್ಥನೆಗೆ ಬೇಕಾದದ್ದು ಅದೇ. ಎದುರಿಗೆ ಕೂತ ಮನುಷ್ಯನ ಮಾತು ಕೇಳಲು ಬೇಕಾದದ್ದೂ ಅದೇ. ಅದು ಚೂರುಚೂರಾದರೆ ದೇವರನ್ನು ಪ್ರೀತಿಸುವ, ನೆರೆಯವರನ್ನು ಪ್ರೀತಿಸುವ ಎರಡೂ ಕೆಲಸ ನಿಲ್ಲುತ್ತವೆ.

ಈ ತೊಂದರೆ ಫೋನಿನ ಜೊತೆ ಹುಟ್ಟಿದ್ದಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿದ ಎವಾಗ್ರಿಯಸ್ ಎಂಬ ಸನ್ಯಾಸಿ, ಮಧ್ಯಾಹ್ನದ ಹೊತ್ತಿಗೆ ಸನ್ಯಾಸಿಗಳನ್ನು ಕಾಡುವ ಒಂದು ಚಡಪಡಿಕೆಯನ್ನು ವಿವರಿಸಿದ್ದಾನೆ. ಗುಡಿಸಲಲ್ಲಿ ಕೂತವನಿಗೆ ಸೂರ್ಯ ಕದಲುತ್ತಲೇ ಇಲ್ಲ ಅನಿಸುತ್ತದೆ. ಹಗಲು ಐವತ್ತು ಗಂಟೆಯಷ್ಟು ಉದ್ದ ಕಾಣುತ್ತದೆ. ಅವನು ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಹೊರಗೆ ಬಂದು ಊಟಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಬಿಸಿಲು ನೋಡುತ್ತಾನೆ. ಯಾರಾದರೂ ಬರುತ್ತಿದ್ದಾರಾ ಎಂದು ಆಚೀಚೆ ಕಣ್ಣಾಡಿಸುತ್ತಾನೆ. ಆಮೇಲೆ, ನನ್ನ ಬಗ್ಗೆ ಯಾರಿಗೂ ಪ್ರೀತಿ ಇಲ್ಲ ಅನಿಸತೊಡಗುತ್ತದೆ. ಇತ್ತೀಚೆಗೆ ಯಾರೋ ನೋಯಿಸಿದ್ದರೆ ಅದು ನೆನಪಾಗಿ ಇನ್ನಷ್ಟು ಕೆರಳುತ್ತಾನೆ. ಕಿಟಕಿಯ ಜಾಗದಲ್ಲಿ ಫೋನ್ ಇಟ್ಟು ಓದಿದರೆ ಒಂದು ಸಾಲನ್ನೂ ಬದಲಾಯಿಸಬೇಕಾಗಿಲ್ಲ. ಯಾರಾದರೂ ಬಂದರಾ, ಯಾರಾದರೂ ನೋಡಿದರಾ, ಯಾರು ಏನಂದರು.

ಸಂತ ಅಗಸ್ಟೀನ್ ಕೂಡ ಸುಮಾರು 400ನೇ ಇಸವಿಯ ಹೊತ್ತಿಗೆ ತನ್ನ ಬಗ್ಗೆ ಹೀಗೇ ಬರೆದುಕೊಂಡ. ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಲು ಆಟದ ಬಯಲಿಗೆ ಈಗ ಹೋಗುವುದಿಲ್ಲ, ಆದರೆ ದಾರಿಯಲ್ಲಿ ಹೋಗುವಾಗ ಹೊಲದಲ್ಲಿ ಅಂಥದ್ದು ಕಂಡರೆ ಮನಸ್ಸು ಅದರ ಹಿಂದೆಯೇ ಓಡುತ್ತದೆ ಎನ್ನುತ್ತಾನೆ. ಮನೆಯಲ್ಲಿ ಕೂತಿದ್ದಾಗ ಹಲ್ಲಿ ನೊಣ ಹಿಡಿಯುವುದು, ಜೇಡ ತನ್ನ ಬಲೆಗೆ ಬಿದ್ದದ್ದನ್ನು ಸುತ್ತುವುದು ಕಂಡರೂ ಸಾಕು. ಅಲ್ಲಿಂದ ಎದ್ದು ದೇವರನ್ನು ಕೊಂಡಾಡುತ್ತೇನೆ ನಿಜ, ಆದರೆ ನೋಡಲು ಶುರು ಮಾಡಿದ್ದು ಅದಕ್ಕಲ್ಲ. ಬೇಗ ಏಳುವುದು ಬೇರೆ, ಬೀಳದೇ ಇರುವುದು ಬೇರೆ ಅಂತ ಅವನು ಒಪ್ಪಿಕೊಳ್ಳುತ್ತಾನೆ. ರೀಲ್ಸ್ ನೋಡುತ್ತಾ ನಡುವೆ ಒಂದು ಭಕ್ತಿಗೀತೆ ಬಂದಾಗ, ನೋಡಿ ಇದರಿಂದ ಒಳ್ಳೆಯದೂ ಆಗುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವವರಿಗೆ ಈ ಮಾತು ಸರಿಯಾಗಿ ತಾಗುತ್ತದೆ.

ಹಾಗಂತ ಎರಡೂ ಕಾಲ ಒಂದೇ ಎನ್ನಲಾಗದು. ಅಗಸ್ಟೀನನ ಹಲ್ಲಿಗೆ ಅವನನ್ನು ಹಿಡಿದು ಕೂರಿಸುವ ಉದ್ದೇಶ ಇರಲಿಲ್ಲ. ಇವತ್ತಿನ ಪರದೆಗೆ ಇದೆ. ಕೆಳಗೆ ಹೋದಷ್ಟೂ ಮುಗಿಯದ ಸ್ಕ್ರೋಲ್ ಅನ್ನು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದರು. ಮುಂದೆ ಅದರ ಪರಿಣಾಮಕ್ಕೆ ಸಾರ್ವಜನಿಕವಾಗಿ ವಿಷಾದಿಸಿದರು. ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದದ್ದು 2009ರ ಫೆಬ್ರವರಿಯಲ್ಲಿ. ಮನುಷ್ಯನ ಮನಸ್ಸಿನ ಒಂದು ದೌರ್ಬಲ್ಯವನ್ನು ಗೊತ್ತಿದ್ದೇ ಬಳಸಿಕೊಂಡೆವು ಎಂದು ಫೇಸ್‌ಬುಕ್‌ನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರ ನವೆಂಬರ್‌ನಲ್ಲಿ ಹೇಳಿದರು. ಎಲ್ಲಕ್ಕೂ ನನಗೆ ಸ್ವಾತಂತ್ರ್ಯವಿದೆ, ಆದರೆ ಯಾವುದಕ್ಕೂ ನಾನು ಗುಲಾಮನಾಗಲಾರೆ ಎಂಬ ಅರ್ಥದ ಮಾತನ್ನು ಸಂತ ಪೌಲ ಕೊರಿಂಥದ ಕ್ರೈಸ್ತರಿಗೆ ಪತ್ರದಲ್ಲಿ ಬರೆದಿದ್ದ. ಈ ಕಂಪನಿಗಳ ವ್ಯವಹಾರ ನಡೆಯುವುದೇ ನಾವು ಎಷ್ಟು ಹೊತ್ತು ಬಿಟ್ಟೇಳುವುದಿಲ್ಲ ಎಂಬುದರ ಮೇಲೆ. ಹಾಗಾಗಿ ಪೌಲನ ಮಾತನ್ನು ಬದಿಗಿಡಲು ಬರುವುದಿಲ್ಲ.

ಇನ್ನೊಂದು ವಿಷಯ ಮೆಚ್ಚುಗೆ. ಪರ್ವತ ಪ್ರಸಂಗ ಎಂಬ ಬೋಧನೆಯಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನರ ಕಣ್ಣಿಗೆ ಕಾಣುವಂತೆ ಮಾಡಬೇಡಿ ಎಂದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊ, ಉಪವಾಸ ಇರುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊ ಎಂದ. ದಾನ ಮಾಡುವ ಕೈ, ಪ್ರಾರ್ಥನೆಗೆ ಮಂಡಿಯೂರಿದ ಭಂಗಿ, ಯಾತ್ರೆಯ ಫೋಟೊ ಎಲ್ಲವೂ ಸ್ಟೇಟಸ್ ಆಗುವ ಕಾಲದಲ್ಲಿ ಈ ಅಧ್ಯಾಯ ಓದುವುದು ಕಷ್ಟವಾಗುತ್ತದೆ, ಆಗಬೇಕು ಕೂಡ. ನಾನು 40 ದಿನ ಇಲ್ಲಿ ಇರುವುದಿಲ್ಲ ಎಂದು ಪೋಸ್ಟ್ ಹಾಕಿ ಹೋಗುವವರಿಗೂ ಇದು ಅನ್ವಯಿಸುತ್ತದೆ.

ಬಿಡಬಾರದು ಎನ್ನುವವರ ವಾದಕ್ಕೂ ತೂಕವಿದೆ. ಜನ ಎಲ್ಲಿದ್ದಾರೋ ಅಲ್ಲಿಗೆ ಹೋಗುವುದು ಶುಭಸಂದೇಶದ ಮೊದಲ ಪಾಠ. 16ನೇ ಬೆನೆಡಿಕ್ಟ್ ಪೋಪ್ ಆಗಿದ್ದಾಗ 2012ರ ಡಿಸೆಂಬರ್ 12ರಂದು ಮೊದಲ ಟ್ವೀಟ್ ಮಾಡಿದರು. ವ್ಯಾಟಿಕನ್‌ನ ಸಂವಹನ ಇಲಾಖೆ 2023ರ ಮೇ 28ರ ದಿನಾಂಕದಲ್ಲಿ ಸೋಶಿಯಲ್ ಮೀಡಿಯಾ ಬಗ್ಗೆಯೇ ಒಂದು ದೀರ್ಘ ಚಿಂತನೆ ಹೊರಡಿಸಿತು. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆಯನ್ನು ಇಟ್ಟುಕೊಂಡು, ಡಿಜಿಟಲ್ ದಾರಿಯಲ್ಲೂ ಗಾಯಗೊಂಡು ಬಿದ್ದವರಿದ್ದಾರೆ, ಅವರನ್ನು ದಾಟಿಕೊಂಡು ಹೋಗಬೇಡಿ ಎಂದಿತು. ಮಂಚ ಬಿಟ್ಟು ಏಳಲಾಗದವರಿಗೆ, ಹತ್ತಿರದಲ್ಲಿ ಚರ್ಚ್ ಇಲ್ಲದವರಿಗೆ ಫೋನಿನಲ್ಲಿ ಬರುವ ಆರಾಧನೆಯೇ ಆಸರೆ. ಇವರಿಗೆ ಬಿಡಿ ಎಂದು ಹೇಳುವುದು ಉಪವಾಸವಲ್ಲ, ಅನ್ಯಾಯ.

ಸಂತ ಕಾರ್ಲೊ ಅಕ್ಯೂಟಿಸ್ ಹೆಸರೂ ಈ ಚರ್ಚೆಯಲ್ಲಿ ಬರುತ್ತದೆ. ಪರಮಪ್ರಸಾದದ (ಪೂಜೆಯಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿಯ) ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ ಹುಡುಗ, 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದವರು. ನೋಡಿ, ಇಂಟರ್‌ನೆಟ್‌ನಲ್ಲಿದ್ದೂ ಸಂತನಾಗಬಹುದು ಎಂದು ಹೇಳುವುದುಂಟು. ಒಂದು ವಿಷಯ ಮರೆಯಬಾರದು. ಅವರು 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 2006ರ ಅಕ್ಟೋಬರ್ 12ರಂದು. ಫೇಸ್‌ಬುಕ್ ಸಾಮಾನ್ಯ ಜನರಿಗೆ ತೆರೆದುಕೊಂಡು ಆಗ ಎರಡು ವಾರವಾಗಿತ್ತಷ್ಟೇ. ಈಗಿನ ಫೀಡ್ ಅವರ ಕೈಗೆ ಬರಲೇ ಇಲ್ಲ. ಅವರ ಬದುಕಿನಿಂದ ಈ ವಿಷಯಕ್ಕೆ ಏನಾದರೂ ತೆಗೆದುಕೊಳ್ಳುವುದಿದ್ದರೆ, ವಿಡಿಯೊ ಗೇಮ್ ವಾರಕ್ಕೆ ಒಂದೇ ಗಂಟೆ ಎಂದು ತಾವೇ ಹಾಕಿಕೊಂಡಿದ್ದ ಮಿತಿಯನ್ನು ತೆಗೆದುಕೊಳ್ಳಬಹುದು.

ಆದ್ದರಿಂದ ಇದನ್ನು ಪಾಪ ಪುಣ್ಯದ ಕಾನೂನು ಮಾಡಲು ನಾನು ಒಪ್ಪುವುದಿಲ್ಲ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಮಾಡಬಾರದು ಎಂದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇದೆ. ಅಕೌಂಟ್ ಇಟ್ಟುಕೊಂಡವರ ವಿಷಯದಲ್ಲೂ ಅಷ್ಟೇ.

ನನ್ನ ತಕರಾರು ಬೇರೆ ಕಡೆ ಇದೆ. ಈ ಉಪವಾಸವನ್ನು ನಾವು ಒಬ್ಬೊಬ್ಬರ ಸಂಕಲ್ಪಶಕ್ತಿಗೆ ಬಿಟ್ಟುಬಿಟ್ಟಿದ್ದೇವೆ. ಕ್ರೈಸ್ತ ಉಪವಾಸ ಹಾಗಿರಲಿಲ್ಲ. ಒಂದೇ ಕ್ಯಾಲೆಂಡರ್, ಒಂದೇ ದಿನ, ಎಲ್ಲರೂ ಸೇರಿ. ಎಲ್ಲರೂ ಉಪವಾಸ ಇರುವ ದಿನ ಯಾರ ಉಪವಾಸವೂ ಎದ್ದು ಕಾಣುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊ ಎಂಬ ಮಾತಿಗೂ ಸಭೆಯಾಗಿ ಉಪವಾಸ ಮಾಡುವುದಕ್ಕೂ ಜಗಳವಿಲ್ಲ. ಒಬ್ಬಂಟಿಯಾಗಿ ಬಿಡುವವರು ಮಾತ್ರ ಯಾಕೆ ಬಿಟ್ಟೆ, ಯಾಕೆ ಕಾಣುತ್ತಿಲ್ಲ ಎಂದು ವಿವರಣೆ ಕೊಡುತ್ತಾ ತಿರುಗಬೇಕಾಗುತ್ತದೆ.

ಇದಕ್ಕೆ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನವೂ ಬೆಂಬಲ ಕೊಡುತ್ತದೆ. 2023ರಲ್ಲಿ ಹೊರಬಂದ ಅದರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ವಾರ ಟಿಕ್‌ಟಾಕ್ ಅಥವಾ ಇನ್‌ಸ್ಟಾಗ್ರಾಮ್ ಬಿಡಲು ಎಷ್ಟು ದುಡ್ಡು ಬೇಕು ಎಂದು ಕೇಳಿದರು. ಉಳಿದವರೆಲ್ಲ ಬಳಸುತ್ತಿರುವಾಗ ತಾನೊಬ್ಬನೇ ಬಿಡಬೇಕೆಂದರೆ ಒಳ್ಳೆಯ ಮೊತ್ತವೇ ಬೇಕು ಎಂದರು. ಕಾಲೇಜಿನ ಎಲ್ಲರೂ ಒಟ್ಟಿಗೆ ಬಿಡುವುದಾದರೆ? ಆಗ ಸರಾಸರಿ ಉತ್ತರವೇ ತಿರುಗಿಬಿತ್ತು. ಹಾಗಾಗುವುದಿದ್ದರೆ ತಾವೇ ದುಡ್ಡು ಕೊಡುತ್ತೇವೆ ಎಂದರು. ಅಂದರೆ ಬಹಳ ಜನ ಅಲ್ಲಿರುವುದು ಇಷ್ಟವಿದ್ದಲ್ಲ, ಉಳಿದವರೆಲ್ಲ ಅಲ್ಲಿದ್ದಾರೆ ಅಂತ. ಇಂಥ ಬಲೆಯಿಂದ ಒಬ್ಬೊಬ್ಬರೇ ಹೊರಬರುವುದು ಕಷ್ಟ.

ಅಮೆರಿಕದ ಆಮಿಶ್ ಕ್ರೈಸ್ತರನ್ನು ಇಲ್ಲಿ ನೆನೆಯಬೇಕು. ಅವರು ತಂತ್ರಜ್ಞಾನವನ್ನು ಕಣ್ಣುಮುಚ್ಚಿ ತಿರಸ್ಕರಿಸುವವರು ಎಂದು ಹೊರಗಿನವರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅವರ ಅನೇಕ ಸಭೆಗಳಲ್ಲಿ ಮನೆಯೊಳಗೆ ಟೆಲಿಫೋನ್ ಇರುವಂತಿಲ್ಲ, ಆದರೆ ದಾರಿಯ ಕೊನೆಯಲ್ಲಿ ಒಂದು ಸಣ್ಣ ಗೂಡು ಕಟ್ಟಿ ಅದರಲ್ಲಿ ಹಲವು ಮನೆಗಳಿಗೆ ಸೇರಿ ಒಂದು ಫೋನ್ ಇಡುತ್ತಾರೆ. ಡಾಕ್ಟರನ್ನು ಕರೆಯಬಹುದು, ವ್ಯಾಪಾರದ ಮಾತಾಡಬಹುದು. ಊಟದ ನಡುವೆ ಅದು ರಿಂಗ್ ಆಗುವುದಿಲ್ಲ, ಅಷ್ಟೇ. ಈ ವಸ್ತು ನಮ್ಮನ್ನು ಒಬ್ಬರಿಂದ ಒಬ್ಬರನ್ನು ದೂರ ಮಾಡುತ್ತದೆಯೇ ಎಂಬುದು ಅವರ ಪ್ರಶ್ನೆ. ನಿಯಮಗಳನ್ನು ವರ್ಷಕ್ಕೆ ಎರಡು ಸಲ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನಕ್ಕೆ ಮೊದಲು, ಸಭೆಯಾಗಿ ಕೂತು ಒಪ್ಪಿಕೊಳ್ಳುತ್ತಾರೆ. ನಿಯಮ ಮುರಿದವರನ್ನು ದೂರ ಇಡುವ ಅವರ ಕಠಿಣ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆದರೆ ಸೇರಿ ತೀರ್ಮಾನಿಸುವ ಆ ಅಭ್ಯಾಸವನ್ನು ನಾವು ಕಳೆದುಕೊಂಡಿದ್ದೇವೆ, ಅದು ನಷ್ಟ.

ನಮ್ಮ ಚರ್ಚ್‌ಗಳಲ್ಲಿ ಏನಾಗಿದೆ ನೋಡಿ. 2020ರಲ್ಲಿ ಕೋವಿಡ್ ಬಂದು ಬಾಗಿಲು ಮುಚ್ಚಿದಾಗ ಎಲ್ಲವೂ ಫೋನಿಗೆ ಹೋಯಿತು. ಆಗ ಬೇರೆ ದಾರಿ ಇರಲಿಲ್ಲ. ಬಾಗಿಲು ತೆರೆದ ಮೇಲೂ ಎಷ್ಟೋ ಕೆಲಸ ಅಲ್ಲೇ ಉಳಿಯಿತು. ಗಾಯನ ವೃಂದದ ಅಭ್ಯಾಸ, ಮಕ್ಕಳ ಧರ್ಮೋಪದೇಶದ ತರಗತಿ, ಪ್ರಾರ್ಥನೆಯ ಕೋರಿಕೆ, ಸಾವಿನ ಸುದ್ದಿ ಎಲ್ಲ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಗ್ರೂಪ್ ಬಿಟ್ಟವರಿಗೆ ಹತ್ತಿರದವರ ಮಣ್ಣು ಮುಗಿದ ಮೇಲೆ ವಿಷಯ ಗೊತ್ತಾಗುತ್ತದೆ. ಆರಾಧನೆಯ ನಡುವೆ ಬೈಬಲ್ ಓದಲೂ ಫೋನ್. ಕೀರ್ತನೆಯ ಮೂರನೇ ವಚನಕ್ಕೆ ಬರುವಷ್ಟರಲ್ಲಿ ಪರದೆಯ ಮೇಲ್ತುದಿಯಿಂದ ಒಂದು ನೋಟಿಫಿಕೇಶನ್ ಇಳಿಯುತ್ತದೆ, ಬೆರಳು ಅದರ ಮೇಲೆ ಹೋಗುತ್ತದೆ, ಉಳಿದವರು ಆಮೆನ್ ಹೇಳುವಾಗ ಇವರು ಯಾರದೋ ಹುಟ್ಟುಹಬ್ಬದ ಫೋಟೊ ನೋಡುತ್ತಿರುತ್ತಾರೆ. ವೇದಿಕೆಯಿಂದ ಮೊಬೈಲ್ ಬಿಡಿ ಎಂದು ಬೋಧಿಸಿ, ಹೆಚ್ಚಿನ ವಿವರಕ್ಕೆ ಗ್ರೂಪ್ ನೋಡಿ ಎಂದು ಮುಗಿಸಿದರೆ ಜನ ಏನು ಮಾಡಬೇಕು?

ಸಭೆಯಾಗಿ ಬಿಡುವುದೆಂದರೆ ದೊಡ್ಡ ಯೋಜನೆಯೇನೂ ಬೇಡ. ಬೂದಿ ಬುಧವಾರಕ್ಕೆ ಎರಡು ಮೂರು ವಾರ ಮೊದಲು ಫಾದರ್ ಅಥವಾ ಪಾಸ್ಟರ್, ಹಿರಿಯರು, ಯುವಕರು ಒಟ್ಟಿಗೆ ಕೂತು ಮಾತಾಡಬೇಕು. ಆ 40 ದಿನ ಪ್ರಕಟಣೆಗಳನ್ನು ಭಾನುವಾರ ಓದಿ ಹೇಳಿ, ನೋಟಿಸ್ ಬೋರ್ಡಿಗೆ ಹಾಕಬಹುದು. ಸಾವು, ಆಸ್ಪತ್ರೆಯಂಥ ತುರ್ತು ಸುದ್ದಿಯನ್ನು ಒಬ್ಬರು ಐದಾರು ಮನೆಗೆ ಫೋನ್ ಮಾಡಿ ತಿಳಿಸುವ ವ್ಯವಸ್ಥೆ ಸಾಕು. ವಾಟ್ಸಾಪ್ ಪೂರ್ತಿ ಬಿಡಲಾಗದಿದ್ದರೆ ಗ್ರೂಪಿಗೆ ಒಬ್ಬರೇ ಹಾಕುವಂತೆ ಮಾಡಬಹುದು. ಆಗ ಶುಭೋದಯದ ಚಿತ್ರ, ರಾಜಕೀಯದ ಫಾರ್ವರ್ಡ್ ತಾನಾಗಿ ನಿಲ್ಲುತ್ತವೆ. ಬರುವವರು ಮುದ್ರಿತ ಬೈಬಲ್ ತರಲಿ, ಇಲ್ಲದವರಿಗೆ ಚರ್ಚ್ ಕೊಡಲಿ.

ಕೆಲಸವೇ ಸೋಶಿಯಲ್ ಮೀಡಿಯಾದಲ್ಲಿ ಇರುವವರಿಗೆ, ದೂರದ ಮಕ್ಕಳ ಜೊತೆ ಅಲ್ಲೇ ಮಾತಾಡುವವರಿಗೆ ವಿನಾಯಿತಿ ಬೇಕು. ಉಪವಾಸದಲ್ಲಿ ವಿನಾಯಿತಿ ಹೊಸದೇನಲ್ಲ. ಕಥೋಲಿಕ ನಿಯಮದಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರದ ಉಪವಾಸ 18ರಿಂದ 59 ವರ್ಷದವರಿಗೆ ಮಾತ್ರ ಕಡ್ಡಾಯ. ರೋಗಿಗಳಿಗೆ ಅದೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಉಳಿಯುವ ಸಮಯದ ಬಗ್ಗೆ. 2018ರಲ್ಲಿ ಅಮೆರಿಕದ ಚುನಾವಣೆಗೆ ಮೊದಲು ಸಂಶೋಧಕರು ಒಂದಷ್ಟು ಜನರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ಮನಸ್ಸಿನ ನೆಮ್ಮದಿ ಸ್ವಲ್ಪ ಹೆಚ್ಚಿತು, ರಾಜಕೀಯದ ಕಿಡಿಕಿಡಿ ಕಡಿಮೆಯಾಯಿತು, ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಉಳಿದ ಗಂಟೆಯಲ್ಲಿ ಒಂದು ಪಾಲು ಮನೆಯವರ, ಗೆಳೆಯರ ಜೊತೆ ಕಳೆಯಿತು, ಇನ್ನೊಂದು ಪಾಲು ಒಬ್ಬರೇ ಟಿವಿ ಮುಂದೆ ಕೂತು. ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವಗಳು ಬಂದು ಸೇರಿಕೊಂಡ ದೃಷ್ಟಾಂತ ಕಥೆಯನ್ನು ಯೇಸು ಹೇಳಿದ್ದು ಇದಕ್ಕೇ ಇರಬೇಕು. ನಾನು ಆರಿಸಿಕೊಂಡ ಉಪವಾಸ ಹಸಿದವರಿಗೆ ಅನ್ನ ಹಂಚುವುದು, ನೆಲೆಯಿಲ್ಲದವರನ್ನು ಮನೆಗೆ ಕರೆದುಕೊಳ್ಳುವುದು ಎಂದು ಬೈಬಲಿನಲ್ಲಿ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಆ ಒಂದು ಗಂಟೆಗೆ ಒಂದು ಹೆಸರು ಇರಬೇಕು. ಇಂಥ ಸಂಜೆ ಇಂಥ ಹಿರಿಯರ ಮನೆಗೆ ಇಬ್ಬರು ಹೋಗುತ್ತಾರೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಆನ್‌ಲೈನ್ ಆರಾಧನೆಯನ್ನೇ ನಂಬಿರುವವರ ಮನೆಗಳಿಂದಲೇ ಇದು ಶುರುವಾಗಲಿ.

ಫೇಸ್‌ಬುಕ್ ಬಿಡಿಸಿದ ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು. ನಾಲ್ಕು ವಾರ ಮುಗಿದು ಅಕೌಂಟ್ ತೆರೆದ ಮೇಲೂ ಅವರ ಬಳಕೆ ಮೊದಲಿನಷ್ಟಕ್ಕೆ ಹೋಗಲಿಲ್ಲ. ಈಸ್ಟರ್ ಹಬ್ಬದ ದಿನ ಉಪವಾಸ ಮುಗಿಯಬೇಕು, ಅದು ಸಂತೋಷದ ದಿನ. ಆದರೆ ಅಂದೇ ಎಲ್ಲ ಆ್ಯಪ್ ವಾಪಸ್ ಹಾಕಿಕೊಳ್ಳುವ ಮೊದಲು, ಮುಂದಿನ ಭಾನುವಾರ ಸಭೆ ಇನ್ನೊಮ್ಮೆ ಕೂತು ಮಾತಾಡಲಿ. ಯಾವುದು ಇಲ್ಲದೆ ನಿಜಕ್ಕೂ ತೊಂದರೆಯಾಯಿತು, ಯಾವುದು ನೆನಪಿಗೇ ಬರಲಿಲ್ಲ ಎಂದು ಒಬ್ಬೊಬ್ಬರೂ ಹೇಳಲಿ. ತೊಂದರೆಯಾದದ್ದು ವಾಪಸ್ ಬರಲಿ. ಉಳಿದದ್ದರ ಬಗ್ಗೆ ಮುಂದಿನ ಬೂದಿ ಬುಧವಾರದವರೆಗೆ ತೀರ್ಮಾನ ಮಾಡಿ, ಆಗ ಮತ್ತೆ ನೋಡಬಹುದು.